ಬುರುಡೆ ಚಹಾ

ಭತ್ತದ ಗದ್ದೆಯಲ್ಲಿ ಜಿಗಿಹುಳು ಕಂಡ ದಿನ ನಮ್ಮಪ್ಪನಿಗೆ ಊಟ ಸೇರುತ್ತಿರಲಿಲ್ಲ. ಅದೇ ಬಳಗದ ಹುಳ ಬರಲಪ್ಪಾ ಅಂತ ಕಾದು ಕೂರುವ ರೈತರೂ ಇದ್ದಾರೆ ಅಂತ ನನಗೆ ಗೊತ್ತಾಗಿದ್ದು ಒಂದು ಚಹಾ ಪೊಟ್ಟಣದಿಂದ.

ತಂದವನು ತೈವಾನಿನ ಶಿಂಚುವಿನಲ್ಲಿ ಚಿಪ್ ಕಂಪನಿ ಕೆಲಸದಲ್ಲಿರುವ ಅಕ್ಕನ ಮಗ. "ಇದು ಊಲಾಂಗ್ ಅನ್ನೋ ಬಗೆಯ ಚಹಾ, ಮಾಮ. ಹಾಲು ಮಾತ್ರ ಹಾಕಬೇಡ" ಅಂದ. ಬಿಚ್ಚಿ ನೋಡಿದರೆ ಮನೆಯ ಚಹಾಪುಡಿಗೂ ಇದಕ್ಕೂ ಸಂಬಂಧವೇ ಇಲ್ಲ. ಬಿಳಿ, ಹಸಿರು, ಹಳದಿ, ಕೆಂಪು, ಕಂದು ಎಲ್ಲ ಬೆರೆತ ಸುರುಟಿದ ಎಲೆಗಳು. ಕುಡಿಗಳ ಮೇಲೆ ಬೆಳ್ಳಗೆ ನವಿರು ರೋಮ. ಸುಮ್ನೆ ಕಸ ಗುಡಿಸಿ ತುಂಬಿದ ಹಾಗಿತ್ತು, ಸುಳ್ಳು ಯಾಕೆ ಹೇಳಲಿ.

ಶಿಂಚುವಿನ ಬೇಪು, ಅಮೇ ಎಂಬ ಕಡೆ ಬೆಳೆಯುವ ಚಹಾ ಇದು. ಬೇಸಿಗೆಯಲ್ಲಿ ಹಸಿರು ಜಿಗಿಹುಳು ಚಿಗುರಿನ ರಸ ಹೀರುತ್ತದೆ. ಗಿಡ ಸಿಟ್ಟಾಗಿ ತನ್ನನ್ನು ಕಾಪಾಡಿಕೊಳ್ಳಲು ಏನೇನೋ ಪರಿಮಳದ ರಸಾಯನ ಹೊರಡಿಸುತ್ತದೆ. ಆ ಸಿಟ್ಟೇ ನಮಗೆ ಜೇನಿನ ವಾಸನೆ. ಹಾಗಾಗಿ ತೋಟಕ್ಕೆ ಔಷಧಿ ಹೊಡೆಯುವ ಹಾಗಿಲ್ಲ. ಹಿಂದೆ ಒಬ್ಬ ರೈತ ಹುಳ ಬಿದ್ದ ಎಲೆಯನ್ನು ಬಿಸಾಡಲು ಮನಸ್ಸಾಗದೆ ಚಹಾ ಮಾಡಿ ಪೇಟೆಗೆ ಒಯ್ದನಂತೆ. ಒಳ್ಳೆ ರೇಟು ಸಿಕ್ಕಿತು. ಊರಿಗೆ ಬಂದು ಹೇಳಿದರೆ ಯಾರೂ ನಂಬಲಿಲ್ಲ. ಅವತ್ತಿನಿಂದ ಅದರ ಹೆಸರು ಪೆಂಗ್‌ಫೆಂಗ್ ಚಹಾ. ಅಂದರೆ ಬಡಾಯಿ ಚಹಾ. ನಮ್ಮ ಕಡೆ ಹೇಳುವುದಾದರೆ ಬುರುಡೆ ಚಹಾ. ಅಂಗಡಿಯಲ್ಲಿ ಮಾತ್ರ 'ಓರಿಯೆಂಟಲ್ ಬ್ಯೂಟಿ'. ಆ ಹೆಸರು ಇಟ್ಟಿದ್ದು ಇಂಗ್ಲೆಂಡಿನ ರಾಣಿ ಅಂತಾರೆ. ಯಾವ ರಾಣಿ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಇನ್ನೊಂದು ಬುರುಡೆ, ಅಲ್ವಾ?

ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತದಲ್ಲ, ಊಲಾಂಗಿನದೂ ಅದೇ ವಿದ್ಯೆ. ಎಲೆಯನ್ನು ಬಿಸಿಲಿಗೆ ಬಾಡಿಸುತ್ತಾರೆ. ಬಿದಿರು ತಟ್ಟೆಯಲ್ಲಿ ಹರಡಿ ಆಗಾಗ ಕೈಯಾಡಿಸುತ್ತಾರೆ. ಅಂಚು ಜಜ್ಜಿ ಕೆಂಪಾಗುತ್ತದೆ. ಪೂರ್ತಿ ಬಿಟ್ಟರೆ ನಮ್ಮ ಮಾಮೂಲಿ ಕಪ್ಪು ಚಹಾ, ಬಿಡದೇ ಇದ್ದರೆ ಗ್ರೀನ್ ಟೀ. ನಡುವೆ ಎಲ್ಲೋ ಒಂದು ಕಡೆ ಬಾಣಲೆಗೆ ಹಾಕಿ ಹುರಿದು ನಿಲ್ಲಿಸುವುದೇ ಕಸುಬು. ಎಲ್ಲಿ ಅಂತ ಮೂಗು ಹೇಳಬೇಕು. ಈ ಚಹಾಕ್ಕೆ ಇನ್ನೊಂದು ಉಪಚಾರ ಜಾಸ್ತಿ: ಹುರಿದ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೆತ್ತಗೆ ಮಾಡಿ, ಆಮೇಲೆ ಹೊಸೆಯುತ್ತಾರೆ.

ಇನ್ನು ಮಾಡುವ ರೀತಿ. ನಾನು ಮೊದಲ ದಿನ ಪಾತ್ರೆಗೆ ಹಾಕಿ ಕುದಿಸಿದೆ. ಕಷಾಯವಾಯಿತು. ಮರುದಿನ ಗಾಯ್ವಾನ್ ಎಂಬ ಮುಚ್ಚಳದ ಬಟ್ಟಲಿನಲ್ಲಿ ಕೈ ಸುಟ್ಟುಕೊಂಡೆ. ಅದನ್ನು ಅಂಚಿನಲ್ಲಿ ಮೂರು ಬೆರಳಿಂದ ಹಿಡಿದು, ಮುಚ್ಚಳ ಚೂರು ಓರೆ ಮಾಡಿ ಬಗ್ಗಿಸಬೇಕು. ನಂಗೆ ಒಗ್ಗಲಿಲ್ಲ. ಈಗ ಗಾಜಿನ ಲೋಟ, ಮೇಲೊಂದು ತಟ್ಟೆ, ಸೋಸಲು ಜರಡಿ.

150 ಮಿಲಿ ನೀರಿಗೆ 5 ಗ್ರಾಂ ಎಲೆ. ನೀರು ಕುದಿಸಿ, ಮುಚ್ಚಳ ತೆಗೆದು ಎರಡು ಮೂರು ನಿಮಿಷ ಬಿಟ್ಟರೆ 85–90 ಡಿಗ್ರಿಗೆ ಇಳಿಯುತ್ತದೆ. ಕುಡಿ ಎಳೆಯದು, ಕೊತಕೊತ ನೀರು ಸುರಿದರೆ ಒಗರು ಬಿಡುತ್ತದೆ. ಮೊದಲ ಸಲ ಅರ್ಧ ನಿಮಿಷ ಸಾಕು. ಒಂದು ಹನಿಯೂ ಉಳಿಯದ ಹಾಗೆ ಸೋಸಿ. ಅದೇ ಎಲೆಗೆ ಮತ್ತೆ ನೀರು, ಪ್ರತಿ ಸಲ ಹತ್ತು ಹದಿನೈದು ಸೆಕೆಂಡು ಜಾಸ್ತಿ. ನಾಲ್ಕೈದು ಸಲ ಧಾರಾಳವಾಗಿ ಬರುತ್ತದೆ.

ಮೊದಲನೆಯದು ಬರೀ ಪರಿಮಳ. ಎರಡನೆಯದರಲ್ಲಿ ಬಣ್ಣ ಜೇನಿನದು. ಎಲ್ಲರೂ ಜೇನು ಅಂತಾರೆ, ನನ್ನ ಮೂಗಿಗೆ ಮಾಗಿದ ಸಪೋಟ. ಮೂರನೆಯದರ ಹೊತ್ತಿಗೆ ಎಲೆ ಅರಳಿಕೊಂಡು ತಳದಲ್ಲಿ ಮಲಗಿತ್ತು. ಒಂದನ್ನು ಎತ್ತಿ ಅಂಗೈ ಮೇಲೆ ಬಿಡಿಸಿದೆ. ಒಂದು ಕುಡಿ, ಎರಡು ಎಲೆ, ತೊಟ್ಟು ಸಮೇತ. ಅಂಚು ಮುದುಡಿ ಕಂದಿತ್ತು.

ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಜಿಗಿಹುಳುವಿನ ಕೆಲಸ."

"ಹೌದಪ್ಪ, ಹುಳ ಬಿದ್ದಿದ್ದಕ್ಕೇ ಇದಕ್ಕೆ ಜಾಸ್ತಿ ದುಡ್ಡು."

"ಬುರುಡೆ ಬಿಡಬೇಡ," ಅಂದು ಲೋಟ ಮುಂದೆ ಚಾಚಿದರು.