ಕಡಲಕಳೆಯ ಮೇಲೆ ಹೊರಿಸುವ ತಪ್ಪು

ಸಮುದ್ರದ ದೊಡ್ಡ ಪಾಚಿಗಳಿಗೆಲ್ಲ ನಾವು ಕಡಲಕಳೆ ಎಂದು ಹೆಸರಿಟ್ಟುಬಿಟ್ಟಿದ್ದೇವೆ. ಬೇಸಾಯಗಾರನ ಸಿಟ್ಟು ಆ ಹೆಸರಿನಲ್ಲೇ ಇದೆ. ಬೆಚ್ಚನೆಯ ನೀರಿನ ಪಾಚಿಗಳು ತಂಪು ಕಡಲಿಗೆ ಹಬ್ಬುತ್ತಿರುವ ಸುದ್ದಿ ಓದಿದವರು ಅದೇ ಸಿಟ್ಟನ್ನು ಪಾಚಿಯ ಮೇಲೆ ತೀರಿಸಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಬುಡದಲ್ಲಿ, ಸುಮಾರು ಒಂದು ಚದರ ಮೀಟರ್ ಜಾಗದಲ್ಲಿ, ಕಾಲರ್ಪಾ ಟ್ಯಾಕ್ಸಿಫೋಲಿಯಾ ಎಂಬ ಉಷ್ಣವಲಯದ ಹಸಿರು ಪಾಚಿ ಕಾಣಿಸಿಕೊಂಡಿತು. ಅಕ್ವೇರಿಯಂಗಳಲ್ಲಿ ಅಂದಕ್ಕಾಗಿ ಬೆಳೆಸುತ್ತಿದ್ದ ಈ ತಳಿ ಮೆಡಿಟರೇನಿಯನ್ನಿನ ಚಳಿಗಾಲವನ್ನೂ ತಾಳಿಕೊಂಡಿತು. ದೋಣಿಯ ಲಂಗರಿಗೋ ಬಲೆಗೋ ಸಿಕ್ಕ ಚೂರು ಬಿದ್ದಲ್ಲೇ ಬೇರೂರಿ ಹೊಸ ಹಾಸಾಗುತ್ತಿತ್ತು. 'ಕೊಲೆಗಡುಕ ಪಾಚಿ' ಎಂಬ ಬಿರುದೂ ಅದಕ್ಕೆ ಬಂತು. ಅದೇ ಪಾಚಿ 2000ದಲ್ಲಿ ಕ್ಯಾಲಿಫೋರ್ನಿಯಾದ ಹಿನ್ನೀರೊಂದರಲ್ಲಿ ಸಿಕ್ಕಾಗ ಅಲ್ಲಿಯವರು ತಡಮಾಡದೆ ಟಾರ್ಪಾಲು ಹೊದಿಸಿ, ಒಳಗೆ ಕ್ಲೋರಿನ್ ಹಾಯಿಸಿ, ಎಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು ಖರ್ಚು ಮಾಡಿ, 2006ರಲ್ಲಿ ಅದು ಪೂರ್ತಿ ನಿರ್ಮೂಲವಾಯಿತೆಂದು ಸಾರಿದರು. ನಮ್ಮ ಹೊಲಗಳ ಕಾಂಗ್ರೆಸ್ ಗಿಡದ ವಿಷಯದಲ್ಲಿ ಇಷ್ಟು ಬೇಗ ಯಾರೂ ಎಚ್ಚೆತ್ತುಕೊಳ್ಳಲಿಲ್ಲ.

ಪಶ್ಚಿಮ ಆಸ್ಟ್ರೇಲಿಯಾದ ಕತೆ ಬೇರೆ. 2011ರ ಆರಂಭದಲ್ಲಿ ಲಾ ನೀನಾ ಎಂಬ ಹವಾಮಾನದ ಏರುಪೇರಿನಿಂದ ಬಲಗೊಂಡ ಲೂವಿನ್ ಎಂಬ ಕಡಲ ಪ್ರವಾಹವು ಉಷ್ಣವಲಯದ ನೀರನ್ನು ದಕ್ಷಿಣಕ್ಕೆ ತಂದು ಸುರಿದಾಗ, ಕರಾವಳಿಯ ಕಡಲು ವಾಡಿಕೆಗಿಂತ ಹಲವು ಡಿಗ್ರಿ ಹೆಚ್ಚು ಕಾಯಿತು. ಅಲ್ಲಿನ ಕಾಲ್ಬಾರಿ ಪಟ್ಟಣದ ಆಸುಪಾಸಿನಲ್ಲಿ ಕೆಲ್ಪ್ ಎಂಬ ದೊಡ್ಡ ಪಾಚಿಯ ಕಾಡು ಸುಮಾರು 100 ಕಿಲೋಮೀಟರ್ ಉದ್ದಕ್ಕೂ ಅಳಿದು, ಬೆಚ್ಚನೆಯ ನೀರಿಗೆ ಹೊಂದುವ ಗಿಡ್ಡ ಪಾಚಿಗಳು ಬಂಡೆಗಳನ್ನು ಆವರಿಸಿದವು. ನೀರು ಮತ್ತೆ ತಂಪಾದರೂ ಕಾಡು ಮರಳಲಿಲ್ಲ, ಏಕೆಂದರೆ ಬೆಚ್ಚನೆಯ ನೀರಿನ ಜೊತೆ ಬಂದ ಮೊಲಮೀನಿನಂಥ ಸಸ್ಯಾಹಾರಿಗಳು ಎಳೆಯ ಕೆಲ್ಪ್ ತಲೆಯೆತ್ತಿದಲ್ಲೆಲ್ಲ ಮೇಯುತ್ತಿದ್ದವು. ದಕ್ಷಿಣದಲ್ಲಿ ಉಳಿದ ಕಾಡಿನ ಬೀಜಾಣುಗಳಿಗಂತೂ ಉತ್ತರಕ್ಕೆ ಬರಲು ಎದುರು ಪ್ರವಾಹ.

ಇಲ್ಲಿ ಅಕ್ವೇರಿಯಂ ತೊಟ್ಟಿಯನ್ನು ಕಡಲಿಗೆ ಬರಿದು ಮಾಡಿದವರು ಯಾರೂ ಇಲ್ಲ. ಟಾರ್ಪಾಲನ್ನು ಯಾವುದರ ಮೇಲೆ ಹೊದಿಸುವುದು? ಕಾಲರ್ಪಾದ ಮಾರಾಟವನ್ನು ನಿಷೇಧಿಸಿದ್ದು ಸರಿಯೇ, ಆದರೆ ಆ ಗೆಲುವನ್ನು ತೋರಿಸಿ ಕಾಲ್ಬಾರಿಯ ನಷ್ಟವನ್ನೂ ಕಳೆ ಕೀಳುವ ಕೆಲಸವೆಂದು ಎಣಿಸುವುದು ತಪ್ಪು. ಅಲ್ಲಿನ ಗಿಡ್ಡ ಪಾಚಿ ಯಾರನ್ನೂ ಓಡಿಸಲಿಲ್ಲ, ಬಿಸಿನೀರು ತೆರವು ಮಾಡಿಕೊಟ್ಟ ಬಂಡೆಯ ಮೇಲೆ ಕೂತಿತು, ಅಷ್ಟೆ. ಕೆಲ್ಪಿನ ಸಸಿ ಮೊಳೆಸಿದ ಜಲ್ಲಿಕಲ್ಲುಗಳನ್ನು ಕಡಲಿಗೆ ಬಿಡುವ ಪ್ರಯೋಗಗಳು ನಡೆದಿವೆ. ಅವನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಕಲ್ಲು ಬಿಡುವ ನೀರೇ ವರ್ಷದಿಂದ ವರ್ಷಕ್ಕೆ ಕಾಯುತ್ತಾ ಹೋದರೆ, ಆ ಸಸಿಗಳನ್ನು ಇನ್ನೂ ದಕ್ಷಿಣಕ್ಕೆ ಒಯ್ಯಬೇಕಾಗುತ್ತದೆ, ಮತ್ತು ಆಸ್ಟ್ರೇಲಿಯಾದ ದಕ್ಷಿಣದ ತುದಿಯಾಚೆಗೆ ಕೆಲ್ಪ್ ಹಿಡಿದು ನಿಲ್ಲಲು ದಡವೇ ಇಲ್ಲ.