ಪದವಿಯ ಮೂರು ವರ್ಷಗಳನ್ನು ತತ್ವಶಾಸ್ತ್ರಕ್ಕೆ ಕೊಡಬೇಕೇ?

ಪರ

ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ಉಡುಪಿ, ಮಂಗಳೂರಿನ ಸಭಾಂಗಣಗಳಲ್ಲಿ ತಾಳಮದ್ದಳೆ ಶುರುವಾಗುತ್ತದೆ. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನು ಕೇಳುತ್ತಾನೆ. ರಾಮನ ಉತ್ತರದಿಂದಲೇ ಮತ್ತೊಂದು ಪ್ರಶ್ನೆಯನ್ನು ಎತ್ತುತ್ತಾನೆ. ವೇಷವಿಲ್ಲ, ಕುಣಿತವಿಲ್ಲ, ಆದರೂ ಜನ ಗಂಟೆಗಟ್ಟಲೆ ಕೂತು ಕೇಳುತ್ತಾರೆ. ಮಾತಿನ ಮೇಲೆ ಇಷ್ಟು ಪ್ರೀತಿಯಿರುವ ಊರಿನಲ್ಲಿ, ಮಗಳು ಬಿ.ಎ.ಗೆ ತತ್ವಶಾಸ್ತ್ರ ತೆಗೆದುಕೊಳ್ಳುತ್ತೇನೆಂದರೆ ಮನೆಯವರಿಗೆ ಗಾಬರಿಯಾಗುತ್ತದೆ. ವಾದವನ್ನು ಕೇಳಿ ಸವಿಯುವುದು ಒಂದು, ಅದನ್ನು ಕಲಿಯುವುದು ಇನ್ನೊಂದು ಎಂಬುದು ನಮ್ಮ ಗಮನಕ್ಕೆ ಬಂದಂತಿಲ್ಲ.

ಕಲಿಯುವುದೆಂದರೇನು ಎನ್ನುವುದಕ್ಕೆ ಮಲ್ಪೆಯಲ್ಲೋ ಮಂಗಳೂರಿನ ಧಕ್ಕೆಯಲ್ಲೋ ಕೇಳಿಬರುವಂಥ ಒಂದು ಮಾತನ್ನು ತೆಗೆದುಕೊಳ್ಳೋಣ. ದೀಪ ಹಾಕಿ ಮೀನು ಹಿಡಿದರೆ ಬೂತಾಯಿ ಮೀನು ಕಡಿಮೆಯಾಗುತ್ತದೆ. ಈ ವರ್ಷ ಬೂತಾಯಿ ಕಡಿಮೆಯಾಗಿದೆ. ಆದ್ದರಿಂದ ದೀಪದ ಮೀನುಗಾರಿಕೆಯೇ ಕಾರಣ. ಕೇಳಿದೊಡನೆ ತಲೆಯಾಡಿಸಬೇಕೆನಿಸುತ್ತದೆ. ಆದರೆ ಸಮುದ್ರದ ಸ್ಥಿತಿ ಬದಲಾದರೂ ಬೂತಾಯಿ ಕಡಿಮೆಯಾಗಬಹುದಾದ್ದರಿಂದ, ಮೊದಲೆರಡು ಮಾತುಗಳು ನಿಜವಾಗಿದ್ದರೂ ಮೂರನೆಯದು ಅವುಗಳಿಂದ ಹೊರಡುವುದಿಲ್ಲ. ತೀರ್ಮಾನ ನಿಜವೇ ಇದ್ದೀತು. ಆದರೂ ಈ ವಾದ ಅದನ್ನು ಸಾಧಿಸಿಲ್ಲ. ತೀರ್ಮಾನವನ್ನೂ ಅದಕ್ಕೆ ಕೊಟ್ಟ ಕಾರಣವನ್ನೂ ಬೇರೆಬೇರೆಯಾಗಿ ತೂಗುವ ಈ ಅಭ್ಯಾಸ ಒಂದು ದಿನದಲ್ಲಿ ಬರುವಂಥದ್ದಲ್ಲ. ನನ್ನ ಮೊದಲ ಪ್ರಬಂಧದ ಮೂರನೆಯ ವಾಕ್ಯದ ಪಕ್ಕದಲ್ಲಿ ಅಧ್ಯಾಪಕರು "ಇದು ಎಲ್ಲಿಂದ ಬಂತು?" ಎಂದಷ್ಟೇ ಬರೆದು ಹಿಂತಿರುಗಿಸಿದ್ದರು. ಆ ಮೂರು ಪದಗಳಿಗೆ ಉತ್ತರ ಕೊಡಲು ನನಗೆ ಒಂದು ವಾರ ಹಿಡಿಯಿತು. ಪದವಿ ತರಗತಿಯಲ್ಲಿ ನಡೆಯಬೇಕಾದದ್ದು ಇದು, ಮೂರು ವರ್ಷ, ಮತ್ತೆ ಮತ್ತೆ.

ನಮ್ಮ ಪ್ರಾಚೀನ ತರ್ಕಗ್ರಂಥವಾದ ನ್ಯಾಯಸೂತ್ರವು ಸತ್ಯವನ್ನು ತಿಳಿಯಲು ನಡೆಸುವ ವಾದವನ್ನು, ಗೆಲ್ಲಲು ನಡೆಸುವ ಜಲ್ಪವನ್ನು, ತನ್ನದೇನನ್ನೂ ಸ್ಥಾಪಿಸದೆ ಎದುರಾಳಿಯನ್ನು ಕೆಡಹುವುದಷ್ಟೇ ಗುರಿಯಾದ ವಿತಂಡವನ್ನು ಬೇರೆ ಬೇರೆಯಾಗಿ ಗುರುತಿಸಿತು. ನಮ್ಮಲ್ಲಿ ಮನೆಮಾತಾಗಿ ಉಳಿದದ್ದು ವಿತಂಡವಾದವೊಂದೇ ಎನ್ನುವುದು ನನಗೆ ನೋವಿನ ಸಂಗತಿ. ಮಧ್ವಾಚಾರ್ಯರ ಪರಂಪರೆಯಲ್ಲಿ ಬಂದ ವ್ಯಾಸತೀರ್ಥರು ನ್ಯಾಯಾಮೃತದಲ್ಲಿ ಅದ್ವೈತಿಗಳ ಮಾತನ್ನು ಅವರದೇ ಪರಿಭಾಷೆಯಲ್ಲಿ ಮೊದಲು ಇಟ್ಟು ಆಮೇಲೆ ಖಂಡಿಸಿದರು. ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಲ್ಲಿ ಅಷ್ಟೇ ಎಚ್ಚರದಿಂದ ಉತ್ತರಿಸಿದರು. ಎದುರಾಳಿಯ ಪಕ್ಷವನ್ನು ಅವನೇ ಒಪ್ಪುವಂತೆ ಹೇಳಿಕೊಡಲಾಗದವನಿಗೆ ಅದನ್ನು ಅಲ್ಲಗಳೆಯುವ ಅಧಿಕಾರವಿಲ್ಲ ಎಂಬ ಶಿಸ್ತು ಅಲ್ಲಿದೆ.

ನೀತಿಶಾಸ್ತ್ರದ ಪ್ರಶ್ನೆಗಳೂ ಮನೆ ಬಾಗಿಲಲ್ಲೇ ಇವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮುಂದಿನ ವರ್ಷಗಳ ಮೀನಿಗಾಗಿ ಈ ಎರಡು ತಿಂಗಳ ಕೂಲಿಯನ್ನು ಕೆಲಸಗಾರನಿಂದ ಕೇಳುವುದು ಒಟ್ಟು ಲಾಭದ ಲೆಕ್ಕದಲ್ಲಿ ಸರಿಯಾಗಿ ಕಾಣಬಹುದು. ಮನುಷ್ಯನನ್ನು ಬರಿಯ ಸಾಧನವಾಗಿ ಬಳಸಬಾರದೆಂದು 1785ರಲ್ಲಿ ಬರೆದ ಜರ್ಮನ್ ತತ್ವಜ್ಞಾನಿ ಕಾಂಟ್‌ನ ಕಡೆಯಿಂದ ನೋಡಿದರೆ, ಆ ಕೂಲಿಯವನನ್ನು ಯಾರು ಕೇಳಿದರು, ಅವನಿಗೆ ಏನು ಕೊಟ್ಟರು ಎಂಬ ಪ್ರಶ್ನೆ ಎದುರಿಗೆ ಬರುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದು ಯೋಚಿಸಬಲ್ಲ ಒಬ್ಬಳು ಪತ್ರಕರ್ತೆಯಾಗಲಿ, ವಕೀಲೆಯಾಗಲಿ, ಪಂಚಾಯತಿಯ ಸದಸ್ಯೆಯಾಗಲಿ, ಆ ಮೂರು ವರ್ಷ ದಂಡವಾಯಿತೆಂದು ನಾನು ಒಪ್ಪಲಾರೆ.

ವಿರೋಧ

ಮೇಲಿನ ಮಾತುಗಳಲ್ಲಿ ಹೆಚ್ಚಿನವನ್ನು ನಾನು ಒಪ್ಪುತ್ತೇನೆ. ತತ್ವಶಾಸ್ತ್ರದ ಬೆಲೆಯ ಬಗ್ಗೆ ನನಗೆ ಜಗಳವಿಲ್ಲ. ಹದಿನೆಂಟರ ಹರೆಯದಲ್ಲಿ ಅದನ್ನೇ ಪ್ರಧಾನ ವಿಷಯವಾಗಿ ಓದಬೇಕೆನ್ನುವುದಕ್ಕೆ ಮಾತ್ರ ನನ್ನ ವಿರೋಧ.

ಉಡುಪಿಯ ಪರಂಪರೆಯನ್ನೇ ಸಾಕ್ಷಿಗೆ ಕರೆಯುವುದಾದರೆ ಅದರ ಕ್ರಮವನ್ನೂ ಪೂರ್ತಿಯಾಗಿ ನೋಡಬೇಕು. ಸಾಂಪ್ರದಾಯಿಕ ಪಾಠದಲ್ಲಿ ಕಾವ್ಯ ಮತ್ತು ವ್ಯಾಕರಣ ಗಟ್ಟಿಯಾದ ಮೇಲೆಯೇ ಶಾಸ್ತ್ರಕ್ಕೆ ಪ್ರವೇಶ. ವಾದಕ್ಕೆ ಇಳಿಯುವ ಮೊದಲು ವಾದಿಸುವ ಭಾಷೆ ಕೈವಶವಾಗಿರಬೇಕಿತ್ತು. ಕನ್ನಡ ಮಾಧ್ಯಮದಿಂದ ಬಂದ ಇಂದಿನ ವಿದ್ಯಾರ್ಥಿಯ ಮುಂದೆ ಕಾಂಟ್ ಇರುವುದು ಇಂಗ್ಲಿಷ್ ಅನುವಾದದಲ್ಲಿ, ನ್ಯಾಯಾಮೃತ ಇರುವುದು ಸಂಸ್ಕೃತದಲ್ಲಿ. ಎರಡೂ ಕೈಗೆಟುಕದಿದ್ದಾಗ ಅವನು ನೋಟ್ಸಿನ ಮೊರೆ ಹೋಗುತ್ತಾನೆ. ಕಾಂಟ್ ಹೀಗೆಂದನು, ಶಂಕರರು ಹಾಗೆಂದರು ಎಂದು ಬರೆದು ಪಾಸಾಗುತ್ತಾನೆ. "ಇದು ಎಲ್ಲಿಂದ ಬಂತು?" ಎಂದು ಕೇಳುವ ಅಧ್ಯಾಪಕರು ಸಿಕ್ಕಿದ್ದು ಪರ ಬರೆದವರ ಭಾಗ್ಯ. ಆ ಭಾಗ್ಯವನ್ನು ನಂಬಿ ಎಲ್ಲರಿಗೂ ಸಲಹೆ ಕೊಡುವಂತಿಲ್ಲ.

ಖರ್ಚಿನ ಮಾತನ್ನೂ ಸಣ್ಣದೆಂದು ತಳ್ಳಿಹಾಕುವುದು ಸರಿಯಲ್ಲ. 1906ರಲ್ಲಿ ಮಂಗಳೂರಿನಲ್ಲೊಂದು, ಉಡುಪಿಯಲ್ಲೊಂದು ಬ್ಯಾಂಕು ಹುಟ್ಟಿದ ಕಾಲದಿಂದ ಲೆಕ್ಕ ಬಲ್ಲವನಿಗೆ ಅನ್ನವಿದೆ ಎಂಬ ನಂಬಿಕೆ ಈ ಜಿಲ್ಲೆಗಳಲ್ಲಿ ಬೇರೂರಿದೆ, ಮತ್ತು ಆ ನಂಬಿಕೆ ಬಹಳ ಮನೆಗಳನ್ನು ಮೇಲೆತ್ತಿದೆ. ಬೀಡಿ ಕಟ್ಟಿ ಮಗನ ಫೀಸು ಹೊಂದಿಸುವ ತಾಯಿಗೆ, ಬಿ.ಎ. ಆದ ಮೇಲೆ ಎಂ.ಎ., ಆಮೇಲೆ ನೆಟ್ ಪರೀಕ್ಷೆ, ಆಮೇಲೆ ಅತಿಥಿ ಉಪನ್ಯಾಸಕ ಹುದ್ದೆಗಾಗಿ ಕಾಯುವಿಕೆ ಎಂದು ವಿವರಿಸುವವರು ಆಕೆಯ ಎದುರು ಕುಳಿತು ಹೇಳಲಿ.

ನನ್ನ ಮುಖ್ಯ ಆಕ್ಷೇಪ ಇದಕ್ಕಿಂತ ಆಳದ್ದು. ತರ್ಕಕ್ಕೆ ಸ್ವಂತ ಸರಕಿಲ್ಲ. ಅದು ಬೇರೆ ತಿಳಿವಳಿಕೆಯ ಮೇಲೆ ಕೆಲಸ ಮಾಡುವ ಉಳಿ. ಕ್ಲಾಡ್ ಶಾನನ್ ಎಂಬ ವಿದ್ಯಾರ್ಥಿ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮತ್ತು ಗಣಿತ. ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ವಿಭಾಗದ ಒಂದು ಪಾಠಕ್ಕೆ ಕುಳಿತಾಗ, ನಿಜ-ಸುಳ್ಳುಗಳನ್ನು 1 ಮತ್ತು 0 ಎಂದು ಲೆಕ್ಕ ಹಾಕುವ ಗಣಿತಜ್ಞ ಜಾರ್ಜ್ ಬೂಲ್‌ನ ತರ್ಕ ಅವನಿಗೆ ಪರಿಚಯವಾಯಿತು. 1937ರ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ಅವನು ಆ ತರ್ಕವನ್ನು ಸ್ವಿಚ್ಚುಗಳ ಜೋಡಣೆಗೆ ಹೊಂದಿಸಿ ತೋರಿಸಿದ. ಇಂದಿನ ಕಂಪ್ಯೂಟರಿನ ಬುನಾದಿಗಳಲ್ಲಿ ಅದೊಂದು. ವಿದ್ಯುತ್ ಮಂಡಲ ಗೊತ್ತಿದ್ದುದರಿಂದಲೇ ಆ ಒಂದು ಪಾಠ ಅವನಲ್ಲಿ ಫಲಿಸಿತು. ನೀತಿಶಾಸ್ತ್ರವೂ ಹಾಗೆಯೇ. 2019ರಿಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದೊಳಗೇ ನೀತಿಯ ಪಾಠವನ್ನು ಸೇರಿಸಲಾಗಿದೆ. ವೈದ್ಯನಾಗುವವನು ಹಾಸಿಗೆಯ ಮೇಲಿನ ರೋಗಿಯನ್ನು ಕಂಡ ದಿನವೇ ಸಮ್ಮತಿಯ ಪ್ರಶ್ನೆಯನ್ನೂ ಎದುರಿಸಬೇಕಾದ್ದರಿಂದ ಅದು ಅಲ್ಲೇ ಇರುವುದು ನ್ಯಾಯ.

ಆದ್ದರಿಂದ ತತ್ವಶಾಸ್ತ್ರದ ಪ್ರತ್ಯೇಕ ಪದವಿಗಿಂತ, ಬಿ.ಕಾಂ., ಬಿ.ಎಸ್ಸಿ., ನರ್ಸಿಂಗ್ ಯಾವುದೇ ಇರಲಿ, ಪ್ರತಿಯೊಂದರಲ್ಲೂ ಕನ್ನಡದಲ್ಲೇ ಬರೆಯಬಹುದಾದ ತರ್ಕ ಮತ್ತು ನೀತಿಯ ಎರಡು ಪತ್ರಿಕೆಗಳನ್ನು ನಾನು ಬಯಸುತ್ತೇನೆ. ಬೂತಾಯಿಯ ಆ ವಾದವನ್ನು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿದ್ಯಾರ್ಥಿನಿಯ ಕೈಗೆ ಕೊಟ್ಟು ನೋಡಿ. ಹೇತು ಎಲ್ಲಿ ಜಾರಿದೆ ಎಂದು ಒಂದು ಸೆಮಿಸ್ಟರಿನ ತರ್ಕಪಾಠ ಅವಳಿಗೆ ತೋರಿಸುತ್ತದೆ. ಬೂತಾಯಿ ಎಲ್ಲಿಗೆ ಹೋಯಿತೆಂದು ಕಡಲಿನಲ್ಲಿ ಹುಡುಕುವ ಬಗೆ ಅವಳಿಗೆ ಮೊದಲೇ ಗೊತ್ತಿರುತ್ತದೆ.