ಗಾಂಧಿ ಚೌಕಕ್ಕೆ ಮರಳಿದ ಗಾಂಧಿ

ಚುರುಮುರಿ ಗಾಡಿಗೂ ಬಾಯಿ ಬಂದ ಕಾಲವಿದು. ಫೋನಿನಿಂದ ಹತ್ತು ರೂಪಾಯಿ ಹಾಕಿದರೆ ಸಾಕು, ಯುಪಿಐ ಡಬ್ಬಿ ರೊಕ್ಕ ಬಂತೆಂದು ಓಣಿಗೆಲ್ಲ ಕೇಳುವಂತೆ ಒದರುತ್ತದೆ. ಗೋಲಗುಮ್ಮಟದ ಊರಿನವರಾದ ನಮಗಾದರೂ ಹೊಳೆಯಬೇಕಿತ್ತು. ಇಲ್ಲಿ ಗೋಡೆಗೆ ಪಿಸುಗುಟ್ಟಿದ್ದೇ ಆಚೆ ಬದಿಯವನ ಕಿವಿಗೆ ಬೀಳುತ್ತದೆ, ಡಬ್ಬಿಯಂತೂ ದಿನವಿಡೀ ಕೂಗಿತು. ಕೊನೆಗೆ 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಗೆ ಕೇಳಿಸಿತು. 2021-22ರಿಂದ ಯುಪಿಐ ಲೆಕ್ಕ ತೆಗೆದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಹೊರಟವು.

ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆಯವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ದಿನಕ್ಕೆ ಹನ್ನೊಂದು ಸಾವಿರ ಬಂದರೆ 40 ಲಕ್ಷ ಆಗಿಹೋಯಿತು. ಬಂದದ್ದು ಸಂಜೆಗೇ ದಲಾಲರ ಅಂಗಡಿಗೆ ಹೋಯಿತೆಂಬುದನ್ನು ಡಬ್ಬಿ ಒದರುವುದಿಲ್ಲ. ಭಿಶಿ (ಚೀಟಿ) ಎತ್ತಿದ ರೊಕ್ಕ, ಮಗಳ ಕಾಲೇಜು ಫೀಗೆಂದು ಅಳಿಯ ಕಳಿಸಿದ ಕೈಗಡ, ಎಲ್ಲವೂ ಅದರ ಪಾಲಿಗೆ ಚುರುಮುರಿಯೇ!

ತಾಜಾ ಕಾಯಿಪಲ್ಲೆಗೆ ತೆರಿಗೆಯೇ ಇಲ್ಲ. ಆದರೂ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸು ಬಂತು. ಸೊಪ್ಪು ತಿಂದವರಿಗೆ ರಕ್ತ ಹೆಚ್ಚುತ್ತದೆ ಅಂತಾರೆ, ಮಾರಿದವರಿಗೆ ರಕ್ತದೊತ್ತಡ.

ಹಾಗಂತ ಇವರಾಗಿಯೇ ಡಬ್ಬಿ ಕೊಂಡರೇ? ಬೀದಿ ವ್ಯಾಪಾರಿಗಳಿಗೆ ಕೊಡುವ ಪಿಎಂ ಸ್ವನಿಧಿ ಸಾಲದ ಜೊತೆಗೆ, ಡಿಜಿಟಲ್ ವಹಿವಾಟು ಮಾಡಿದರೆ ತಿಂಗಳಿಗೆ 100 ರೂಪಾಯಿವರೆಗೂ ಕ್ಯಾಶ್‌ಬ್ಯಾಕ್ ಎಂದು ಬೆಲ್ಲ ಸವರಿದ್ದೂ ಸರ್ಕಾರವೇ. ಅದು ದಿಲ್ಲಿ ಸರ್ಕಾರ, ನೋಟಿಸು ಬೆಂಗಳೂರಿನದು, ಕಾನೂನು ಜಿಎಸ್‌ಟಿ ಮಂಡಳಿಯದು ಎಂದು ದೊಡ್ಡವರು ಬಿಡಿಸಿ ಹೇಳಿದರು. ಇಷ್ಟೆಲ್ಲ ಯಜಮಾನರಿದ್ದೂ ಬಿಸಿಲಲ್ಲಿ ಗಾಡಿ ತಳ್ಳಲು ಒಬ್ಬರೂ ಬರಲಿಲ್ಲ.

ವ್ಯಾಪಾರಿಗಳು ಸ್ಕ್ಯಾನರ್ ಕಿತ್ತು ಗೋಣಿಚೀಲದಡಿ ಇಟ್ಟರು. "ರೊಕ್ಕ ಇದ್ರ ಕೊಡ್ರಿ, ಇಲ್ಲಂದ್ರ ಮುಂದ ನಡೀರಿ." 2016ರ ನೋಟು ರದ್ದತಿಯಿಂದ ಕಲಿಸಿದ ಪಾಠ ವಾರದೊಳಗೆ ತೊಳೆದುಹೋಗಿ, ಗಾಂಧಿ ಚೌಕದ ಗಲ್ಲೆಗಳಿಗೆ ಗಾಂಧಿ ಮರಳಿದ. ಕೈಯಲ್ಲಿ ಐನೂರರ ನೋಟು ಹಿಡಿದು ಚಿಲ್ಲರೆಗಾಗಿ ಚೌಕವನ್ನೇ ಸುತ್ತಿದ ಸಾಫ್ಟ್‌ವೇರ್ ಹುಡುಗರನ್ನು ನೋಡಿ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಜುಲೈ 23ರಂದು ಮುಖ್ಯಮಂತ್ರಿ, ಹಳೆಯ ಬಾಕಿ ಕೇಳುವುದಿಲ್ಲ, ನೋಂದಣಿ ಮಾತ್ರ ಮಾಡಿಸಿಕೊಳ್ಳಿ ಎಂದರು. ಇಲಾಖೆಯೂ "ಜಿಎಸ್‌ಟಿ ತಿಳಿಯಿರಿ" ಎಂದು ಪಾಠ ಶುರುಮಾಡಿತು. ಮೆಂತ್ಯೆ ಸೂಡು ಕಟ್ಟುತ್ತಿದ್ದ ಅವ್ವನಿಗೆ ಹೇಳಿದೆ.

"ತಿಳಕೊಳ್ಳಾಕ ಫೀ ಐತೇನೋ ಯಪ್ಪಾ?"

"ಇಲ್ಲಬೇ, ಪುಕ್ಕಟೆ."

"ಹಂಗಾದ್ರ ಬ್ಯಾಡ. ಡಬ್ಬಿನೂ ಪುಕ್ಕಟೆ ಅಂತನೇ ಕೊಟ್ಟಿದ್ರು."